ಗುಡ್ಡದ ಮೇಲಿನ ಗಾಳಿ ಯಾರದು?

(ನಮ್ಮ ಬ್ಲಾಕಿನ ಗುಡ್ಡದಡಿಯ ಹಳ್ಳಿಯೊಂದರಲ್ಲಿ, ಗ್ರಾಮಸಭೆಗೆ ಮುಂಚೆ ಗ್ರಾಮಸೇವಕರು ರೈತರ ಮುಂದೆ ಮಾಡಿದ ಭಾಷಣ)



ಇಂದು ನಾನು ಬೀಜದ ವಿಷಯವನ್ನಾಗಲಿ ಗೊಬ್ಬರದ ವಿಷಯವನ್ನಾಗಲಿ ಹೇಳುವುದಕ್ಕೆ ನಿಂತವನಲ್ಲ. ಗಾಳಿಯ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ನಿಂತಿದ್ದೇನೆ. ಗಾಳಿಯ ಬೆಲೆಯನ್ನು ನಿಮಗೆ ನಾನು ಕಲಿಸಬೇಕಾಗಿಲ್ಲ. ಈಗ ರಾಶಿ ಮಾಡುವ ಯಂತ್ರಗಳು ಬಂದಿವೆ, ನಿಜ. ಆದರೆ ಕಣದಲ್ಲಿ ಮೊರ ಹಿಡಿದು ಗಾಳಿಯ ಹಾದಿ ಕಾಯುತ್ತ ನಿಂತ ಹಿರಿಯರು ಇಲ್ಲಿ ಇನ್ನೂ ಇದ್ದಾರೆ. ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆ ಹುಟ್ಟಿದ್ದು ನಿಮ್ಮ ಕಣದಲ್ಲಿಯೇ. ಈಗ ಅದೇ ಗಾದೆಯನ್ನು ಹೇಳಿಕೊಂಡು ನಿಮ್ಮ ಗುಡ್ಡಕ್ಕೆ ಗಾಳಿ ವಿದ್ಯುತ್ತಿನವರು ಬಂದಿದ್ದಾರೆ. ಗುಡ್ಡದ ನೆತ್ತಿಯ ಉದ್ದಕ್ಕೂ ಗಾಳಿಯಂತ್ರಗಳನ್ನು, ಅಂದರೆ ನೀವು ‘ಫ್ಯಾನು’ ಎಂದು ಕರೆಯುವ ಯಂತ್ರಗಳನ್ನು ನಿಲ್ಲಿಸಬೇಕೆಂಬುದು ಅವರ ಯೋಜನೆ.

ಈ ಯೋಜನೆಯಿಂದ ಊರು ಎರಡಾಗಿದೆ. ಕುರಿಗಾರರೂ ಗುಡ್ಡದಡಿಯ ಹಳ್ಳದ ದಂಡೆಯ ರೈತರೂ ಬೇಡವೆನ್ನುತ್ತಾರೆ. ಮೇಲಿನ ಮಡ್ಡಿಯಲ್ಲಿ ಹೊಲವಿದ್ದವರು ಬರಲಿ ಎನ್ನುತ್ತಾರೆ. ಒಂದೇ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಅಣ್ಣತಮ್ಮಂದಿರು ಈಗ ಮುಖ ತಿರುವಿಕೊಂಡು ಹೋಗುತ್ತಿದ್ದಾರೆ. ಗ್ರಾಮಸಭೆ ಹತ್ತಿರ ಬಂದಿದೆ. ಅದಕ್ಕೆ ಮೊದಲು ವಿಷಯವನ್ನು ಎರಡೂ ಕಡೆಯಿಂದ ತಿಳಿದುಕೊಳ್ಳುವುದು ಒಳ್ಳೆಯದೆಂದು ಈ ಸಭೆಯನ್ನು ಕರೆದಿದ್ದೇವೆ.

ಮೊಟ್ಟಮೊದಲು ನನ್ನದೊಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು. ಕಳೆದ ವರ್ಷ ಈ ಮಾತು ಮೊದಲ ಸಲ ಎದ್ದಾಗ ನಾನು ಇದೇ ಕಟ್ಟೆಯ ಮೇಲೆ ನಿಂತು, “ಗುಡ್ಡದ ಮೇಲೆ ಏನಿದೆ? ಬರೀ ಕಲ್ಲು, ಕಾರೆಕಂಟಿ. ಯಂತ್ರ ಬಂದರೆ ಬರಲಿ” ಎಂದು ಹೇಳಿದ್ದೆ. ಆಗ ಹಿರಿಯ ಕುರಿಗಾರರೊಬ್ಬರು ಸಿಟ್ಟಾಗದೆ ಹೇಳಿದರು: “ಸಾಹೇಬ್ರ, ನೀವು ಸಾಲಿ ಕಲ್ತವ್ರು. ಒಂದ್ ದಿನ ನನ್ನ ಕೂಡ ಕುರಿ ಹಿಂದ ನಡೀರಿ. ಆಮ್ಯಾಲ ಗುಡ್ಡದಾಗ ಏನೈತಿ, ಏನಿಲ್ಲ ಅಂತ ನೀವ ಹೇಳ್ರಿ.”

ನಾನು ನಡೆದೆ. ಬೆಳಗಿನಿಂದ ಸಂಜೆಯವರೆಗೆ ನಡೆದೆ. ಕೃಷಿ ಡಿಪ್ಲೊಮಾ ಓದಿದ ಎರಡು ವರ್ಷಗಳಲ್ಲಿ ಮಣ್ಣು ನೀರಿನ ಸಂರಕ್ಷಣೆಯ ಪಾಠವನ್ನು ನಾನು ಬರೆದು ಅಂಕ ಪಡೆದಿದ್ದೆನಾದರೂ, ಆ ಪಾಠದ ಅರ್ಥ ನನಗೆ ಆದದ್ದು ಆ ದಿನ. ನೆತ್ತಿಯ ಮೇಲಿನ ಹುಲ್ಲುಗಾವಲು ಮಳೆಯ ನೀರನ್ನು ಹಿಡಿದು ಕಲ್ಲಿನ ಸಂದಿಗಳಿಗೆ ಇಳಿಸುತ್ತದೆ. ಆ ನೀರು ನಡುಗುಡ್ಡದಲ್ಲಿ ಒರತೆಯಾಗಿ ಜಿನುಗುತ್ತದೆ. ಒರತೆಗಳೆಲ್ಲ ಕೂಡಿ ನಿಮ್ಮ ಹಳ್ಳವಾಗುತ್ತದೆ. ಹಳ್ಳದ ನೀರು ನಿಮ್ಮ ಕೆರೆಗೂ ಬಾವಿಗೂ ಬರುತ್ತದೆ. ಬೇಸಿಗೆಯಲ್ಲಿ ಕುರಿ ನೀರು ಕುಡಿಯುವ ಮೂರು ಜಾಗಗಳನ್ನು ಅಜ್ಜನವರು ನನಗೆ ತೋರಿಸಿದರು. ಮೂರೂ ನೆತ್ತಿಯ ಕೆಳಗೇ ಇವೆ. “ಗುಡ್ಡದ ಮೇಲೆ ಏನಿದೆ” ಎಂದು ಕೇಳಿದವನು ನಾನು. ನಿಮ್ಮ ಊರಿನ ನೀರು ಅಲ್ಲಿದೆ. ಆ ಮಾತಿಗಾಗಿ ಅಜ್ಜನವರ ಕ್ಷಮೆಯನ್ನು ಎಲ್ಲರೆದುರು ಕೇಳುತ್ತೇನೆ.

ಹಾಗೆಂದ ಮಾತ್ರಕ್ಕೆ ಗಾಳಿಯಂತ್ರ ಕೆಟ್ಟದ್ದೆಂದು ತಿಳಿಯಬೇಡಿರಿ. ಅದು ಕಲ್ಲಿದ್ದಲನ್ನು ಸುಡುವುದಿಲ್ಲ, ಹೊಗೆ ಬಿಡುವುದಿಲ್ಲ, ನಡೆಯುವಾಗ ನೀರನ್ನು ಬೇಡುವುದಿಲ್ಲ. ನಮ್ಮ ಕಡೆ ಗಾಳಿ ಜೋರಾಗಿ ಬೀಸುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮುಂಗಾರಿನ ಕಾಲಕ್ಕೆ. 2023ರ ಬರದಲ್ಲಿ ಪಂಪ್‌ಸೆಟ್ಟಿಗೆ ಕರೆಂಟು ಸಾಲದೆ ಬೆಳೆ ಒಣಗಿದ್ದನ್ನು ನೀವು ಮರೆತಿರಲಾರಿರಿ. ಕರೆಂಟು ನಮಗೂ ಬೇಕು. ಅದು ಎಲ್ಲಿಂದಲೋ ಬರಲಿ, ನಮ್ಮ ಊರಿನಿಂದ ಮಾತ್ರ ಬೇಡ ಎನ್ನುವುದು ನ್ಯಾಯದ ಮಾತಲ್ಲ.

ನಮ್ಮ ಸೀಮೆಗೆ ಈ ಯಂತ್ರಗಳು ಹೊಸವೂ ಅಲ್ಲ. ಕಪ್ಪತಗುಡ್ಡದಲ್ಲಿ ಕರ್ನಾಟಕ ವಿದ್ಯುತ್ ನಿಗಮದವರು 1990ರ ದಶಕದಲ್ಲಿಯೇ 20 ಯಂತ್ರಗಳನ್ನು ನಿಲ್ಲಿಸಿದ್ದರು. ಅವುಗಳಲ್ಲಿ 9 ಯಂತ್ರಗಳು ತಲಾ 225 ಕಿಲೋವಾಟ್, 11 ಯಂತ್ರಗಳು ತಲಾ 230 ಕಿಲೋವಾಟ್ ಶಕ್ತಿಯವು. ಎಲ್ಲ ಕೂಡಿದರೆ ನಾಲ್ಕೂವರೆ ಮೆಗಾವಾಟ್ ಆಗುತ್ತದೆ. ಈಗಿನ ಒಂದೊಂದು ಯಂತ್ರವೇ ಎರಡು ಮೂರು ಮೆಗಾವಾಟ್ ಇರುತ್ತದೆ. ಅಂದರೆ ಅಂದಿನ 20 ಯಂತ್ರಗಳ ಕೆಲಸವನ್ನು ಇಂದು ಎರಡು ಯಂತ್ರಗಳು ಮಾಡುತ್ತವೆ. ಯಂತ್ರದ ಸಂಖ್ಯೆ ಕಡಿಮೆಯಾಯಿತು. ಆದರೆ ಅದರ ಗಾತ್ರ ಬೆಳೆಯಿತು. ಇಂದಿನ ಕಂಬ 100 ಮೀಟರಿಗೂ ಎತ್ತರ, ಒಂದು ರೆಕ್ಕೆ 60-70 ಮೀಟರ್ ಉದ್ದ. ಅಷ್ಟುದ್ದದ ರೆಕ್ಕೆಯನ್ನು ಹೊತ್ತ ಲಾರಿ ಗುಡ್ಡ ಹತ್ತಬೇಕಾದರೆ ಎಂಥ ಹಾದಿ ಬೇಕೆಂಬುದನ್ನು ಯೋಚಿಸಿ ನೋಡಿರಿ.

ಅವರು ನೆತ್ತಿಯನ್ನೇ ಏಕೆ ಕೇಳುತ್ತಾರೆ ಎಂಬುದನ್ನೂ ತಿಳಿದಿರಬೇಕು. ಗಾಳಿಯ ವೇಗ ಎರಡರಷ್ಟಾದರೆ ಅದರ ಶಕ್ತಿ ಎಂಟರಷ್ಟಾಗುತ್ತದೆ. ಕೆಳಗಿನ ಹೊಲದಲ್ಲಿ ಸೆಕೆಂಡಿಗೆ 5 ಮೀಟರ್ ವೇಗದ ಗಾಳಿ ಇದ್ದು, ನೆತ್ತಿಯಲ್ಲಿ 6 ಮೀಟರ್ ಇದ್ದರೆ, ಬಲ್ಲದವರಿಗೆ ಅದು ಸಣ್ಣ ವ್ಯತ್ಯಾಸವೆಂದು ತೋರುವುದು. ಆದರೆ ಲೆಕ್ಕ ಹಾಕಿದರೆ ನೆತ್ತಿಯ ಗಾಳಿಯಲ್ಲಿ ಒಂದಕ್ಕೆ ಒಂದೂ ಮುಕ್ಕಾಲರಷ್ಟು ಶಕ್ತಿ ಇರುತ್ತದೆ. ಆದುದರಿಂದ ಅವರು ನೆತ್ತಿಯನ್ನು ಸುಮ್ಮನೆ ಬಿಟ್ಟುಕೊಡುವುದಿಲ್ಲ. ಆದರೆ ಕಂಬಗಳು ಎತ್ತರವಾದ ಮೇಲೆ ಬಯಲಿನಲ್ಲಿಯೂ ಯಂತ್ರ ನಿಲ್ಲಿಸುವುದು ಸಾಧ್ಯವಾಗಿದೆ. ಗದಗ, ಕೊಪ್ಪಳದ ಎರೆಹೊಲಗಳಲ್ಲಿ ಜೋಳ ಕಡಲೆಗಳ ನಡುವೆ ಯಂತ್ರಗಳು ತಿರುಗುವುದನ್ನು ನೀವು ಬಸ್ಸಿನಿಂದಲೇ ನೋಡಿದ್ದೀರಿ. ನೆತ್ತಿಯಲ್ಲದೆ ಬೇರೆ ಜಾಗವೇ ಇಲ್ಲ ಎಂದು ಯಾರಾದರೂ ಹೇಳಿದರೆ, ಈ ಬಯಲಿನ ಯಂತ್ರಗಳನ್ನು ತೋರಿಸಿರಿ.

ಇನ್ನು ವಿರೋಧ ಮಾಡುವವರ ಮಾತಿಗೆ ಬರುತ್ತೇನೆ. ಅವರಲ್ಲಿ ಕೆಲವರು, ಗಾಳಿಯಂತ್ರ ಮೋಡವನ್ನು ಓಡಿಸುತ್ತದೆ, ಅದರಿಂದಲೇ ಮಳೆ ಹೋಯಿತು ಎನ್ನುತ್ತಾರೆ. ಇದು ನಿಜವಲ್ಲ. ಮುಂಗಾರಿನ ಗಾಳಿ ಸಮುದ್ರದಿಂದ ನೂರಾರು ಹರದಾರಿ ಅಗಲವಾಗಿ, ಕಿಲೋಮೀಟರುಗಟ್ಟಲೆ ಎತ್ತರವಾಗಿ ಬರುತ್ತದೆ. ಅದರ ಮುಂದೆ ಇನ್ನೂರು ಮೀಟರ್ ಎತ್ತರದ ಯಂತ್ರವೆಂದರೆ ಹೊಳೆಯ ನಡುವೆ ನಿಲ್ಲಿಸಿದ ಗೂಟವಿದ್ದಂತೆ. ಯಂತ್ರಗಳಿಲ್ಲದ ಕಾಲದಲ್ಲಿಯೂ ನಮ್ಮ ಸೀಮೆಯಲ್ಲಿ ಬರ ಬಂದಿತ್ತು. ನಿಮ್ಮ ಹತ್ತಿರ ನಿಜವಾದ ಕಾರಣಗಳಿರುವಾಗ ಸುಳ್ಳಾದ ಕಾರಣವನ್ನು ಮುಂದಿಡಬೇಡಿರಿ. ಅಧಿಕಾರಿಗಳು ಆ ಒಂದು ಸುಳ್ಳನ್ನು ಹಿಡಿದು ನಿಮ್ಮ ಹತ್ತು ನಿಜಗಳನ್ನೂ ತಳ್ಳಿಹಾಕುತ್ತಾರೆ.

ನಿಜವಾದ ಕಾರಣ ಹಾದಿಯದು. ನೆತ್ತಿಗೆ ಹತ್ತಲು 4 ಕಿಲೋಮೀಟರ್ ಹಾದಿ, 8 ಮೀಟರ್ ಅಗಲ ಎಂದು ಹಿಡಿಯಿರಿ. ಅಷ್ಟಕ್ಕೇ 8 ಎಕರೆ ಹುಲ್ಲು ಹೋಗುತ್ತದೆ. ಆ ಹಾದಿಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 8 ಲಕ್ಷ ಲೀಟರ್ ನೀರು. ಮೊದಲು ಹುಲ್ಲಿನ ಬೇರಿನಲ್ಲಿ ಇಂಗುತ್ತಿದ್ದ ನೀರು, ಈಗ ಗಟ್ಟಿಮಾಡಿದ ಗರಸಿನ ಮೇಲೆ ಹರಿದು ಒಂದೇ ಕಡೆ ಧುಮುಕುತ್ತದೆ. ಹಾದಿ ಕಡಿದ ಮಣ್ಣು ಇಳಿಜಾರಿನಲ್ಲಿ ಸಡಿಲಾಗಿ ಬಿದ್ದಿರುತ್ತದೆ. ನೀರು ಆ ಮಣ್ಣನ್ನು ಹೊತ್ತುಕೊಂಡು ಹಳ್ಳಕ್ಕೆ ಇಳಿಯುತ್ತದೆ. ಹಳ್ಳದ ಒಡ್ಡು ತುಂಬುವುದು ನೀರಿನಿಂದಲ್ಲ, ಗರಸಿನಿಂದ.

ಎರಡನೆಯ ಕಾರಣ ಜೀವಜಂತುಗಳದು. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಚಾಳಕೇವಾಡಿ ಎಂಬ ಬೆಟ್ಟದ ಬಯಲಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು. ಯಂತ್ರಗಳಿದ್ದ ಕಡೆ ಗಿಡುಗ, ಹದ್ದಿನಂಥ ಬೇಟೆ ಹಕ್ಕಿಗಳು ಸುಮಾರು ನಾಲ್ಕು ಪಟ್ಟು ಕಡಿಮೆಯಾಗಿದ್ದವು. ಅವು ಹೋದ ಮೇಲೆ ಅವು ತಿನ್ನುತ್ತಿದ್ದ ಓತಿಕ್ಯಾತಗಳು ಹೆಚ್ಚಾಗಿದ್ದವು. ಗುಡ್ಡದ ಮೇಲೆ ಒಂದನ್ನು ಅಲುಗಿಸಿದರೆ ಇನ್ನೊಂದು ಅಲುಗುತ್ತದೆಂಬುದಕ್ಕೆ ಇದು ಸಾಕ್ಷಿ. ನಮ್ಮ ಹೊಲದ ಇಲಿ ಹಿಡಿಯುವವೂ ಇಂಥ ಹಕ್ಕಿಗಳೇ ಎಂಬುದನ್ನು ರೈತನು ಮರೆಯತಕ್ಕದ್ದಲ್ಲ.

ಇಂಥ ಜಗಳ ನಮ್ಮೂರಿನಲ್ಲಿ ಮಾತ್ರ ಬಂದಿರುವುದೆಂದು ತಿಳಿಯಬೇಡಿರಿ. ಬಹು ದೂರದ ಒಂದು ಊರಿನ ಕತೆಯನ್ನು ಹೇಳುತ್ತೇನೆ, ಕೇಳಿರಿ. ಸ್ಕಾಟ್ಲೆಂಡಿನ ವಾಯವ್ಯಕ್ಕೆ ಸಮುದ್ರದಲ್ಲಿ ಲೂಯಿಸ್ ಎಂಬ ದ್ವೀಪವಿದೆ. ಅಲ್ಲಿಯ ರೈತರು ನಿಮ್ಮಂತೆಯೇ ಸಣ್ಣ ಹಿಡುವಳಿಯವರು. ಮನೆಯ ಸುತ್ತ ಸ್ವಲ್ಪ ಹೊಲ, ಉಳಿದದ್ದೆಲ್ಲ ಊರಿಗೆ ಸೇರಿದ ಮೇವಿನ ಬಯಲು. ಆ ಬಯಲಿನಲ್ಲಿ ಕುರಿ ಮೇಯಿಸುತ್ತಾರೆ. ಹಿಂದೆ ಬೇಸಿಗೆಗೆ ಹೆಂಗಸರು ಮಕ್ಕಳು ದನಗಳೊಂದಿಗೆ ಅಲ್ಲಿಗೆ ಹೋಗಿ ಸಣ್ಣ ಗುಡಿಸಲುಗಳಲ್ಲಿ ಇರುತ್ತಿದ್ದರು. ಆ ಬಯಲಿನ ನೆಲವೆಲ್ಲ ಸಾವಿರಾರು ವರ್ಷ ಕೊಳೆತ ಪಾಚಿ ಹುಲ್ಲಿನ ಕರಿಮಣ್ಣು. ಅದನ್ನು ಕಡಿದು ಒಣಗಿಸಿ ಒಲೆಗೆ ಉರುವಲು ಮಾಡುವುದೂ ಉಂಟು. ಬಂಗಾರದ ಬಣ್ಣದ ದೊಡ್ಡ ಹದ್ದುಗಳೂ ಅಪರೂಪದ ನೀರುಹಕ್ಕಿಗಳೂ ಅಲ್ಲಿ ಇವೆ.

2004ರಲ್ಲಿ ಆ ಬಯಲಿನಲ್ಲಿ 234 ಗಾಳಿಯಂತ್ರಗಳನ್ನು ನಿಲ್ಲಿಸುವ ಅರ್ಜಿ ಬಂತು. ವಿರೋಧ ಎದ್ದ ಮೇಲೆ ಅದು 181ಕ್ಕೆ ಇಳಿಯಿತು. ಅಲ್ಲಿಯ ಸ್ಥಳೀಯ ಆಡಳಿತವು ಕೆಲಸ ಸಿಗುತ್ತದೆ, ಊರಿಗೆ ಹಣ ಬರುತ್ತದೆ ಎಂದು ಯೋಜನೆಯ ಪರವಾಗಿತ್ತು. ಅದೂ ಸುಳ್ಳು ಮಾತೇನಲ್ಲ. ದ್ವೀಪದ ಹುಡುಗರು ಕೆಲಸವಿಲ್ಲದೆ ಊರು ಬಿಡುತ್ತಿದ್ದರು. ಆದರೆ ಜನರು ಸುಮ್ಮನೆ ಕೂಡಲಿಲ್ಲ. ಬರವಣಿಗೆಯಲ್ಲಿ ತಮ್ಮ ಆಕ್ಷೇಪಣೆ ಕಳಿಸಿದರು. ಬಂದ ಪತ್ರಗಳಲ್ಲಿ 10,924 ವಿರೋಧವಾಗಿದ್ದವು, 98 ಮಾತ್ರ ಪರವಾಗಿದ್ದವು. 2008ರ ಏಪ್ರಿಲ್‌ನಲ್ಲಿ ಸ್ಕಾಟ್ಲೆಂಡ್ ಸರಕಾರ ಯೋಜನೆಗೆ ಅನುಮತಿ ನಿರಾಕರಿಸಿತು. ಕಾಯಿದೆಯಂತೆ ಕಾಪಾಡಬೇಕಾದ ಹಕ್ಕಿಗಳ ನೆಲೆ ಅದಾಗಿತ್ತೆಂಬುದು ಮುಖ್ಯ ಕಾರಣ. ಜನರು ಹೊಡೆದಾಡಿ ಗೆದ್ದವರಲ್ಲ. ಕಾಗದದ ಮೇಲೆ ಕಾರಣ ಬರೆದು ಗೆದ್ದವರು.

ಕತೆ ಇಲ್ಲಿಗೇ ಮುಗಿಯಲಿಲ್ಲ. ಮುಂದಿನ ಭಾಗವೇ ನಮಗೆ ಹೆಚ್ಚು ಬೇಕಾದದ್ದು. ಅದೇ ದ್ವೀಪದಲ್ಲಿ ಊರಿನವರೇ ಒಂದು ಟ್ರಸ್ಟ್ ಮಾಡಿಕೊಂಡು, ಸಾಲ ಎತ್ತಿ, ಜಾಗ ನೋಡಿ, 9 ಮೆಗಾವಾಟ್ ಶಕ್ತಿಯ ಮೂರೇ ಮೂರು ಯಂತ್ರಗಳನ್ನು ನಿಲ್ಲಿಸಿದರು. 2015ರಿಂದ ಅವು ನಡೆಯುತ್ತಿವೆ. ಅವುಗಳ ಲಾಭ ಊರಿನ ಕೆಲಸಗಳಿಗೆ ಹೋಗುತ್ತದೆ. 181 ಯಂತ್ರ ಬೇಡವೆಂದ ದ್ವೀಪಕ್ಕೆ ಮೂರು ಯಂತ್ರ ಬೇಕಾದವು. ಅವರು ಗಾಳಿಯನ್ನು ವಿರೋಧಿಸಿರಲಿಲ್ಲ. ತಮ್ಮನ್ನು ಕೇಳದೆ, ತಮ್ಮ ಬಯಲಿಗೆ ಅಳತೆಮೀರಿದ ಯೋಜನೆ ಬಂದದ್ದನ್ನು ವಿರೋಧಿಸಿದ್ದರು. ಡೆನ್ಮಾರ್ಕ್ ದೇಶದಲ್ಲಿಯೂ ಕೋಪನ್‌ಹೇಗನ್ ನಗರದ ಎದುರಿನ ಸಮುದ್ರದಲ್ಲಿ 2000ದಲ್ಲಿ ನಿಲ್ಲಿಸಿದ 20 ಯಂತ್ರಗಳಲ್ಲಿ ಅರ್ಧವನ್ನು ಒಂದು ಸಹಕಾರ ಸಂಘವೇ ತನ್ನದಾಗಿ ಮಾಡಿಕೊಂಡಿತು. ಎಂಟು ಸಾವಿರಕ್ಕೂ ಹೆಚ್ಚು ಜನ ಅದರಲ್ಲಿ ಪಾಲು ಕೊಂಡರು. ಹಾಲಿನ ಸಂಘ ನಡೆಸುವ ನಿಮಗೆ ಇದು ಅರ್ಥವಾಗದ ಮಾತಲ್ಲ.

ಕುರಿಗಾರ ಬಂಧುಗಳಿಗೆ ಇನ್ನೊಂದು ಸಂಗತಿ. ನಾರ್ವೆ ದೇಶದ ಫೋಸೆನ್ ಎಂಬಲ್ಲಿ ಸಾಮಿ ಎಂಬ ಜನ ಹಿಮಸಾರಂಗಗಳ ಹಿಂಡು ಮೇಯಿಸಿ ಬದುಕುತ್ತಾರೆ. ಅವರ ಚಳಿಗಾಲದ ಮೇವಿನ ನೆಲದಲ್ಲಿ 151 ಯಂತ್ರಗಳು ಎದ್ದವು. ಅವರು ನ್ಯಾಯಾಲಯಕ್ಕೆ ಹೋದರು. 2021ರ ಅಕ್ಟೋಬರ್‌ನಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಅವರ ಹಕ್ಕಿಗೆ ಧಕ್ಕೆಯಾಗಿದೆ, ಕೊಟ್ಟ ಪರವಾನಗಿ ಸಿಂಧುವಲ್ಲ ಎಂದು ತೀರ್ಪು ಕೊಟ್ಟಿತು. ಆದರೆ ಅಷ್ಟು ಹೊತ್ತಿಗೆ ಯಂತ್ರಗಳು ನಿಂತು ತಿರುಗುತ್ತಿದ್ದವು. ತೀರ್ಪು ಬಂದರೂ ಅವು ಕೆಳಗಿಳಿಯಲಿಲ್ಲ. ಕೊನೆಗೆ 2023, 2024ರಲ್ಲಿ ಪರಿಹಾರದ ಒಪ್ಪಂದಗಳಾದವು. ಗೆದ್ದರೂ ಮೇವಿನ ನೆಲ ಮೊದಲಿನಂತೆ ಸಿಗಲಿಲ್ಲ. ಕೇಳುವುದನ್ನು ಕಂಬ ನಿಲ್ಲುವ ಮುಂಚೆ ಕೇಳಬೇಕೆಂಬುದು ಇದರ ಪಾಠ.

ನಮ್ಮ ಹತ್ತಿರದಲ್ಲಿಯೂ ಒಂದು ಉದಾಹರಣೆಯಿದೆ. ಕಪ್ಪತಗುಡ್ಡವನ್ನು ಸರಕಾರ 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಸಾರಿ, 2016ರಲ್ಲಿ ಆ ಆದೇಶವನ್ನು ಹಿಂದಕ್ಕೆ ಪಡೆಯಿತು. ಗಣಿಗೆ ದಾರಿಯಾಯಿತೆಂದು ಜನ ಕಳವಳಗೊಂಡರು. 2017ರಲ್ಲಿ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳುತನದಲ್ಲಿ ಜನ ಶಾಂತಿಯಿಂದ ಧರಣಿ ಕೂತರು. ಆದೇಶ ಮರಳಿ ಬಂತು. 2019ರಲ್ಲಿ 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿ ಧಾಮವೇ ಆಯಿತು. ಅದು ಗಣಿಯ ವಿಷಯ, ಇದು ಗಾಳಿಯ ವಿಷಯ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದರೆ ಊರು ಒಗ್ಗಟ್ಟಾಗಿ ಸಮಾಧಾನದಿಂದ ಮಾತಾಡಿದರೆ ಸರಕಾರ ಕೇಳುತ್ತದೆ ಎಂಬುದು ಎರಡಕ್ಕೂ ಒಂದೇ.

ಈಗ ಹೊಲ ಕೊಡಬೇಕೆಂದಿರುವವರಿಗೆ ನನ್ನ ಮನೆಯದೇ ಒಂದು ಮಾತು ಹೇಳುತ್ತೇನೆ. ನನ್ನ ತಂದೆಯವರೂ ರೈತರು. ನಮ್ಮದು ಬೇರೆ ತಾಲೂಕು. ಕೆಲವು ವರ್ಷಗಳ ಹಿಂದೆ ನಮ್ಮ ಹೊಲಕ್ಕೆ ಇಂಥದೇ ಯೋಜನೆ ಬಂದಾಗ ಅಪ್ಪ ನನಗೆ ಫೋನು ಮಾಡಿದರು: “ತಮ್ಮಾ, ಫ್ಯಾನಿನವ್ರು ಬಂದಾರ. ಕಾಗದ ಇಂಗ್ಲೀಷಿನಾಗ ಐತಿ. ನೀ ಬಂದು ಒಮ್ಮೆ ಓದಿ ಹೇಳಪಾ.” ನಾನು ಆಗ ಬಿತ್ತನೆ ಬೀಜ ಹಂಚುವ ಗಡಿಬಿಡಿಯಲ್ಲಿದ್ದೆ. “ಮಾಡ್ರಿ ಅಪ್ಪಾ, ಏನೂ ಆಗಂಗಿಲ್ಲ” ಎಂದುಬಿಟ್ಟೆ. ಅಪ್ಪ ಸಹಿ ಮಾಡಿದರು.

ಕೊಟ್ಟ ಜಾಗದ ಬಾಡಿಗೆ ಬರುತ್ತದೆ. ಅದರಿಂದ ಅವ್ವನ ಕಣ್ಣಿನ ಪೊರೆಯ ಆಪರೇಷನ್ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಯಂತ್ರಕ್ಕೆ ಹೋಗುವ ಹಾದಿ ನಮ್ಮ ಅಜ್ಜ ಹಾಕಿದ ಒಡ್ಡನ್ನು ಕಡಿದುಕೊಂಡು ಹೋಯಿತು. ಎರಡು ಮಳೆಗಾಲದಲ್ಲಿ ಆ ಕಡೆಯ ಅರ್ಧ ಎಕರೆ ಮಸಾರಿ ನೆಲ ಕೊರಕಲು ಬಿದ್ದು ಬಿತ್ತಲಾರದಂತಾಯಿತು. ಒಡ್ಡು ಕಟ್ಟಿಕೊಡಿರಿ ಎಂದು ಕೇಳಲು ಹೋದಾಗ ಕಾಗದ ತೋರಿಸಿದರು. ಅದರಲ್ಲಿ ಹಾದಿಯ ಹಕ್ಕು ಅವರದೆಂದು ಬರೆದಿತ್ತು. ಒಡ್ಡಿನ ಮಾತೇ ಇರಲಿಲ್ಲ. ಆ ಕಾಗದವನ್ನು ನಾನು ಓದಿದ್ದು ಆ ದಿನ. ಊರೂರಿಗೆ ಹೋಗಿ ಒಡ್ಡು ಹಾಕಿರಿ ಎಂದು ಹೇಳುವ ಮಗ ತನ್ನ ಮನೆಯ ಒಡ್ಡು ಕಾಯಲಿಲ್ಲ. ಅಪ್ಪ ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಆದುದರಿಂದ ನಿಮ್ಮಲ್ಲಿ ನನ್ನ ಬಿನ್ನಹವಿಷ್ಟೆ. ಗ್ರಾಮಸಭೆಯಲ್ಲಿ ಈ ಏಳು ಪ್ರಶ್ನೆಗಳನ್ನು ಕೇಳಿರಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

ಒಂದನೆಯದು: ಒಂದೊಂದು ಕಂಬ ಯಾವ ಸರ್ವೆ ನಂಬರಿನಲ್ಲಿ ನಿಲ್ಲುತ್ತದೆ? ಆ ಜಾಗ ಸ್ವಂತದ್ದೋ, ಗೋಮಾಳವೋ, ಅರಣ್ಯವೋ? ನಕ್ಷೆ ನೋಡಿ ಸುಮ್ಮನಾಗಬೇಡಿರಿ. ಹತ್ತು ಜನ ಹೋಗಿ ನಡೆದು ನೋಡಿರಿ. ಗೋಮಾಳವಾದರೆ, ನೂರು ದನಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಮೇವಿನ ನೆಲ ಇರಬೇಕೆಂದು ನಮ್ಮ ರಾಜ್ಯದ ಕಂದಾಯ ನಿಯಮ ಹೇಳುತ್ತದೆ. ನಿಮ್ಮ ಊರಿನ ದನಗಳನ್ನು ಎಣಿಸಿ ಲೆಕ್ಕ ಹಾಕಿರಿ.

ಎರಡನೆಯದು: ಹಾದಿ ಎಲ್ಲಿ ಹತ್ತುತ್ತದೆ? ಕಡಿದ ಮಣ್ಣನ್ನು ಎಲ್ಲಿ ಹಾಕುತ್ತಾರೆ? ಹಾದಿಯ ನೀರಿಗೆ ಕಲ್ಲುಕಟ್ಟಿದ ಗಟಾರ, ಕೆಳಗೆ ಮಣ್ಣು ತಡೆಯುವ ಒಡ್ಡು, ಇವನ್ನು ಮುಂಗಾರಿಗೆ ಮುಂಚೆ ಯಾರು ಕಟ್ಟುತ್ತಾರೆ? ಒರತೆಗಳ ಮೇಲುಭಾಗದಲ್ಲಿ ಹಾದಿ ಬೇಡವೆಂದು ಹೇಳುವುದು ನಿಮ್ಮ ಹಕ್ಕು.

ಮೂರನೆಯದು: ಕರಾರುಪತ್ರ ಕನ್ನಡದಲ್ಲಿ ಸಿಗುತ್ತದೆಯೇ? ಎಷ್ಟು ವರ್ಷ, ಬಾಡಿಗೆ ಎಷ್ಟು, ಎಷ್ಟು ವರ್ಷಕ್ಕೊಮ್ಮೆ ಏರುತ್ತದೆ, ಒಡ್ಡು ಬೆಳೆ ಹಾಳಾದರೆ ಯಾರು ಹೊಣೆ, ಇವೆಲ್ಲ ಅದರಲ್ಲಿರಬೇಕು. ಒಂದು ವರ್ಷಕ್ಕೆ ಮೀರಿದ ಗೇಣಿಯ ಪತ್ರವನ್ನು ನೋಂದಣಿ ಮಾಡಿಸಲೇಬೇಕು. ಮನೆಗೆ ಬಂದು ಸಹಿ ಕೇಳಿದವರಿಗೆ, “ಓದಿಸಿ ನೋಡಿ ಹೇಳುತ್ತೇನೆ” ಎನ್ನಲು ನಾಚಬೇಡಿರಿ.

ನಾಲ್ಕನೆಯದು: ಮನೆಗಳಿಂದ ಎಷ್ಟು ದೂರ? ಯಂತ್ರದ ಸದ್ದು ರಾತ್ರಿ ಕೇಳುತ್ತದೆ. ಬಿಸಿಲಿಳಿಯುವಾಗ ರೆಕ್ಕೆಯ ನೆರಳು ಕಿಟಕಿಯ ಮೇಲೆ ಹಾಯುತ್ತದೆ. ಕೇಂದ್ರ ಸರಕಾರ 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ವಸತಿಯಿಂದ 500 ಮೀಟರ್ ದೂರವನ್ನು ಹೇಳಿತ್ತು. ಹೊಲದಲ್ಲಿ ಮನೆ ಮಾಡಿಕೊಂಡವರನ್ನೂ ಇದರಲ್ಲಿ ಎಣಿಸಬೇಕು.

ಐದನೆಯದು: ಕುರಿ ದನಗಳ ಹಾದಿ, ಗುಡ್ಡದ ದೇವರಿಗೆ ಹೋಗುವ ಹಾದಿ ತೆರೆದಿರುತ್ತದೆಯೇ? ಬೇಲಿ ಹಾಕಿ ಕಾವಲುಗಾರನನ್ನು ನಿಲ್ಲಿಸಿದ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಆರನೆಯದು: ಯಂತ್ರದ ಆಯುಷ್ಯ 20-25 ವರ್ಷ. ಅದು ಕೆಟ್ಟು ನಿಂತಾಗ ತೆಗೆಯುವವರು ಯಾರು? ನೆಲದೊಳಗಿನ ಕಾಂಕ್ರೀಟಿನ ಬುನಾದಿ ಏನಾಗುತ್ತದೆ? ಅದಕ್ಕೆ ಹಣವನ್ನು ಈಗಲೇ ಠೇವಣಿ ಇಡುತ್ತಾರೆಯೇ?

ಏಳನೆಯದು: ಊರಿಗೇನು? ಎರಡು ಮೆಗಾವಾಟ್ ಯಂತ್ರವೊಂದು ತನ್ನ ಶಕ್ತಿಯ ಕಾಲು ಭಾಗದಷ್ಟು ಮಾತ್ರ ನಡೆದರೂ ವರ್ಷಕ್ಕೆ ಸುಮಾರು 44 ಲಕ್ಷ ಯೂನಿಟ್ ಆಗುತ್ತದೆ. ಯೂನಿಟ್ಟಿಗೆ ಮೂರು ರೂಪಾಯಿ ಎಂದು ಹಿಡಿದರೂ ಒಂದೂಕಾಲು ಕೋಟಿ ರೂಪಾಯಿಗೆ ಮಿಗಿಲು. ಅದರಲ್ಲಿ ಸಾಲ, ಬಡ್ಡಿ, ದುರಸ್ತಿ ಎಲ್ಲ ಹೋಗಬೇಕು, ಒಪ್ಪುತ್ತೇನೆ. ಆದರೂ ಗಾಳಿ ಬೀಸುವ ಊರಿಗೆ ಒಂದು ಪಾಲು ಸಲ್ಲಬೇಕೆಂದು ಕೇಳುವುದು ಭಿಕ್ಷೆಯಲ್ಲ.

ಈ ಸಭೆಗೆ ಇಷ್ಟು ಮಹತ್ವ ಏಕೆಂದು ಕೆಲವರು ಕೇಳಬಹುದು. ಗಣಿ, ದೊಡ್ಡ ಕಾರ್ಖಾನೆಗಳಂಥ ಯೋಜನೆಗಳಿಗೆ ಮೊದಲು ಪರಿಸರದ ಅನುಮತಿ ಪಡೆಯಬೇಕೆಂದು 2006ರ ಅಧಿಸೂಚನೆ ಹೇಳುತ್ತದೆ. ಜನರ ಅಹವಾಲು ಕೇಳುವ ಸಭೆಯೂ ಅದರೊಳಗೇ ಇದೆ. ಗಾಳಿ ವಿದ್ಯುತ್ತನ್ನು ಆ ಪಟ್ಟಿಯಲ್ಲಿ ಸೇರಿಸಿಲ್ಲ. ಆದುದರಿಂದ ಯಾರೋ ಬಂದು ನಿಮ್ಮನ್ನು ಕೂಡಿಸಿ ಕೇಳುತ್ತಾರೆಂದು ಕಾಯಬೇಡಿರಿ. ನಿಮ್ಮ ಗ್ರಾಮಸಭೆಯೇ ನಿಮ್ಮ ಅಹವಾಲಿನ ಜಾಗ. ಅಲ್ಲಿ ಆದ ಠರಾವು ಪುಸ್ತಕದಲ್ಲಿ ಬರೆದದ್ದನ್ನು ಓದಿಸಿ ಕೇಳಿ, ಆಮೇಲೆ ಎದ್ದು ಬನ್ನಿರಿ.

ನನ್ನ ಅಭಿಪ್ರಾಯವೇನೆಂದು ನೀವು ಕೇಳುತ್ತೀರಿ. ಸರಕಾರದ ಕೆಲಸಗಾರನಾಗಿ ನಿಮ್ಮ ತೀರ್ಮಾನವನ್ನು ನಾನು ಮಾಡಲಾರೆ. ಸ್ವಂತ ಹೊಲವನ್ನು ಕೊಡುವುದು ಬಿಡುವುದು ಹೊಲದ ಒಡೆಯನ ಇಷ್ಟ. ಮಡ್ಡಿಯ ಬರಡು ಹೊಲದಲ್ಲಿ ಎರಡು ಚೀಲ ಜೋಳಕ್ಕಾಗಿ ಒದ್ದಾಡುವವನಿಗೆ ಬರುವ ಬಾಡಿಗೆಯನ್ನು ಬೇಡವೆನ್ನಲು ನನಗೆ ಬಾಯಿ ಬಾರದು. ಆದರೆ ನೆತ್ತಿಯ ಹುಲ್ಲು, ನಡುಗುಡ್ಡದ ಒರತೆ ಯಾರೊಬ್ಬರವೂ ಅಲ್ಲ. ಅವು ಹೋದರೆ ಮಡ್ಡಿಯವನ ಬಾವಿಯೂ ಹಳ್ಳದವನ ಬಾವಿಯೂ ಕೂಡಿಯೇ ಒಣಗುತ್ತವೆ. ಯಂತ್ರ ಕೆಳಗಿನ ಹೊಲಗಳಿಗೆ ಬರಲಿ, ನೆತ್ತಿ ಉಳಿಯಲಿ ಎಂಬ ಒಂದು ಮಾತಿಗೆ ಎರಡೂ ಕಡೆಯವರು ಬರಬಹುದೆಂದು ನನಗೆ ತೋರುತ್ತದೆ. ಅದಕ್ಕಿಂತ ಒಳ್ಳೆಯ ಮಾತು ನಿಮಗೆ ಹೊಳೆದರೆ ಅದನ್ನೇ ಮಾಡಿರಿ.

ಗಾಳಿ ಬಂದಾಗ ತೂರಿಕೊಳ್ಳಬೇಕು, ನಿಜ. ಆದರೆ ಕಣದಲ್ಲಿ ತೂರುವವನು ಮೊದಲು ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ನೋಡಿ ನಿಲ್ಲುತ್ತಾನೆ. ನೋಡದೆ ತೂರಿದರೆ ಹೊಟ್ಟು ಅವನ ಕಣ್ಣಿಗೇ ಬೀಳುತ್ತದೆ.

ಗ್ರಾಮಸಭೆಗೆ ಎಲ್ಲರೂ ಬನ್ನಿರಿ. ತಾಯಂದಿರು ತಪ್ಪದೆ ಬನ್ನಿರಿ. ಒರತೆ ಬತ್ತಿದರೆ ಮೊದಲು ಕೊಡ ಹೊತ್ತು ದೂರ ನಡೆಯುವವರು ನೀವೇ. ಕಾಗದವೇನಾದರೂ ಬಂದಿದ್ದರೆ ಸಹಿ ಮಾಡುವ ಮೊದಲು ನನ್ನ ಹತ್ತಿರ ತನ್ನಿರಿ. ಬಿತ್ತನೆಯ ಗಡಿಬಿಡಿಯಿದ್ದರೂ ಸರಿ, ರಾತ್ರಿಯಾದರೂ ಸರಿ, ಓದಿ ಹೇಳುತ್ತೇನೆ. ತಿಳಿಯದಿದ್ದರೆ ತಿಳಿದವರಲ್ಲಿಗೆ ನಿಮ್ಮೊಂದಿಗೆ ಬರುತ್ತೇನೆ.